ಫ್ಲ್ಯಾಟ್‌ನಲ್ಲಿ ಸಂಕ್ರಾಂತಿಯ ಎಳ್ಳು, ಸಕ್ಕರೆ ಅಚ್ಚು, ಜೊತೆಗೆ ಮಕ್ಕಳೇ ಮಾಡುವ ಒಂದು ಸಣ್ಣ ಉಡುಗೊರೆ: ಸಲಹೆ ಬೇಕಾಗಿದೆ

ಯಲಹಂಕ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಯಲಹಂಕ ಉಪನಗರದ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿ ನಮ್ಮ ವಾಸ. ಇದುವರೆಗೆ ಪ್ರತಿ ಸಂಕ್ರಾಂತಿಗೂ ಅಂಗಡಿಯಿಂದ ಸಿದ್ಧ ಎಳ್ಳನ್ನು ಕೆ.ಜಿ. ಲೆಕ್ಕದಲ್ಲಿ ತಂದು, ಪ್ಲಾಸ್ಟಿಕ್ ಡಬ್ಬಿಗಳಿಗೆ ತುಂಬಿ, ಮೇಲೊಂದು ಸಕ್ಕರೆ ಅಚ್ಚನ್ನಿಟ್ಟು ಬೀರುತ್ತಿದ್ದೆವು. ಹೋದ ಸಲ ತಂದ ಎಳ್ಳಿನಲ್ಲಿ ಕಡಲೆಕಾಯಿ ಬೀಜ ಕಮಟು ಹಿಡಿದಿತ್ತು, ಕೊಬ್ಬರಿಯೂ ಹಳದಿ ತಿರುಗಿತ್ತು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ" ಎನ್ನುವುದಕ್ಕೆ ಬಾಯಿ ಬರಲಿಲ್ಲ. ಆದ್ದರಿಂದ ಈ ಬಾರಿ ಎಲ್ಲವನ್ನೂ ಮನೆಯಲ್ಲಿಯೇ ಮಾಡಬೇಕೆಂದು ನಾನೂ ನನ್ನ ಯಜಮಾನರೂ ನಿಶ್ಚಯಿಸಿದ್ದೇವೆ.

ನಮ್ಮ ಕಟ್ಟಡದ ಮನೆಗಳೂ ನೆಂಟರ ಮನೆಗಳೂ ಸೇರಿ ಸುಮಾರು ನಲವತ್ತು ಮನೆಗಳಿಗೆ ಬೀರಬೇಕಾಗುತ್ತದೆ. ನಮ್ಮ ಬಾಲ್ಕನಿ ಉತ್ತರಕ್ಕಿರುವುದರಿಂದ ಜನವರಿಯಲ್ಲಿ ಅಲ್ಲಿ ಬಿಸಿಲು ಬೀಳುವುದೇ ಇಲ್ಲ. ಮೇಲಿನ ತಾರಸಿಗೆ ಹೋಗಲು ಅನುಮತಿಯುಂಟು, ಆದರೆ ಪಾರಿವಾಳಗಳ ಕಾಟ ವಿಪರೀತ. ಇಂಥ ಕಡೆ ಬೆಲ್ಲ, ಕೊಬ್ಬರಿಗಳನ್ನು ಒಣಗಿಸುವ ಬಗೆ ಹೇಗೆ, ಯಾವುದನ್ನು ಎಷ್ಟು ತರಬೇಕು, ಹಬ್ಬಕ್ಕೆ ಎಷ್ಟು ದಿನ ಮೊದಲು ಕೆಲಸ ಆರಂಭಿಸಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ನಮ್ಮ ಅತ್ತೆಯವರ ಕಾಲದ ಮರದ ಅಚ್ಚುಗಳು ಟ್ರಂಕಿನಲ್ಲಿ ಸಿಕ್ಕಿವೆ: ಗೋಪುರ, ಹಂಸ, ಮೀನು, ತುಳಸಿಕಟ್ಟೆ ಎಲ್ಲವೂ ಸುಸ್ಥಿತಿಯಲ್ಲಿವೆ. ಅವುಗಳನ್ನು ಬಳಸುವ ಕ್ರಮವನ್ನು ಹೇಳಿಕೊಡಲು ಅತ್ತೆಯವರು ಈಗ ಇಲ್ಲ.

ಕಡೆಯದಾಗಿ ಇನ್ನೊಂದು ವಿಷಯ. ನಮಗೆ ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳಿದ್ದಾರೆ. ಎಳ್ಳಿನ ಜೊತೆಗೆ ಅವರೇ ಮಾಡಿದ ಏನಾದರೊಂದು ಸಣ್ಣ ವಸ್ತುವನ್ನು ಕೊಡಬೇಕೆಂಬ ಆಸೆ ನನಗಿದೆ, ಆದರೆ ಅದು ಪಡೆದವರ ಮನೆಯಲ್ಲಿ ಧೂಳು ಹಿಡಿಯುವ ಅಲಂಕಾರವಾಗಬಾರದು, ಬಳಕೆಗೆ ಬರಬೇಕು. ಪ್ಲಾಸ್ಟಿಕ್ ಡಬ್ಬಿಗೆ ಬದಲಾಗಿ ಏನು ಬಳಸಬಹುದು ಎಂಬುದನ್ನೂ ತಿಳಿಸಿ.

ಬಸವನಗುಡಿಯ ಹಿರಿಯ ಗೃಹಿಣಿ

ಮನೆಯಲ್ಲಿ ಮಾಡುವ ನಿಶ್ಚಯ ಬಹಳ ಒಳ್ಳೆಯದು, ಅಮ್ಮಾ. ಅಚ್ಚಿನ ವಿಷಯವನ್ನು ಬೇರೆಯವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ಎಳ್ಳಿನ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಲೆಕ್ಕ. ಮನೆಯೊಂದಕ್ಕೆ ನೂರು ಗ್ರಾಂ ಎಂದು ಹಿಡಿದರೆ ನಲವತ್ತು ಮನೆಗೆ ನಾಲ್ಕು ಕೆ.ಜಿ. ಬೇಕು, ಮನೆಗೆ ಬಂದವರಿಗೆ ಕೊಡಲು ಮತ್ತು ಮಕ್ಕಳು ಬೊಗಸೆ ಬೊಗಸೆ ತಿನ್ನಲು ಇನ್ನೊಂದು ಕೆ.ಜಿ. ಇರಲಿ. ಈ ಐದು ಕೆ.ಜಿ.ಯಲ್ಲಿ ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ ತಲಾ ಒಂದೂಕಾಲು ಕೆ.ಜಿ., ಹುರಿಗಡಲೆ ಮುಕ್ಕಾಲು ಕೆ.ಜಿ., ಬಿಳಿ ಎಳ್ಳು ಅರ್ಧ ಕೆ.ಜಿ. ಇದ್ದರೆ ಹದವಾಗಿರುತ್ತದೆ. ಎಳ್ಳಿನ ಹಬ್ಬವೆಂದು ಎಳ್ಳನ್ನು ಹೆಚ್ಚು ಹಾಕಿದರೆ ಅದೆಲ್ಲ ಡಬ್ಬಿಯ ತಳಕ್ಕೆ ಇಳಿದು ಕೂರುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ. ತರುವಾಗ ಮಾತ್ರ ಮೊದಲ ಮೂರನ್ನು ಒಂದೂವರೆ ಕೆ.ಜಿ.ಯಂತೆ ತನ್ನಿ, ಏಕೆಂದರೆ ಬೆಲ್ಲ ಕತ್ತರಿಸುವಾಗ ಪುಡಿಯಾಗಿ, ಕೊಬ್ಬರಿ ಹೆರೆಯುವಾಗ ಸಿಪ್ಪೆಯಾಗಿ, ಬೀಜ ಉಜ್ಜುವಾಗ ಹೊಟ್ಟಾಗಿ ಒಂದಿಷ್ಟು ಹೋಗಿಯೇ ಹೋಗುತ್ತದೆ. ಬೆಲ್ಲದ ಪುಡಿ ಹಬ್ಬದ ದಿನ ಸಿಹಿ ಪೊಂಗಲಿಗಾಗುತ್ತದೆ, ಕೊಬ್ಬರಿಯ ಸಿಪ್ಪೆ ಚಟ್ನಿಪುಡಿಗೆ ಸೇರುತ್ತದೆ; ಯಾವುದೂ ದಂಡವಾಗುವುದಿಲ್ಲ.

ಕೊಬ್ಬರಿಗೆ ತಿಪಟೂರಿನದನ್ನೇ ಕೇಳಿ ತನ್ನಿ. ಗಿಟುಕನ್ನು ಒಡೆದು ಒಳಭಾಗವನ್ನು ಮೂಸಿ ನೋಡಿದರೆ ಒಳ್ಳೆಯದು ಯಾವುದು, ಮುಗ್ಗಲು ಯಾವುದು ಎಂದು ಅಂಗಡಿಯಲ್ಲಿಯೇ ಗೊತ್ತಾಗುತ್ತದೆ, ಮತ್ತು ಗಾಂಧಿ ಬಜಾರಿನ ವ್ಯಾಪಾರಿಗಳು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಕಂದು ಸಿಪ್ಪೆಯನ್ನು ಪೂರ್ತಿಯಾಗಿ ಹೆರೆದು ತೆಗೆಯಬೇಕು. ಸ್ವಲ್ಪ ಉಳಿದರೂ ರುಚಿಗೆ ದೋಷವಿಲ್ಲ, ಆದರೆ ಬಿಳಿ ಎಳ್ಳಿನ ನಡುವೆ ಅದು ಕಸದಂತೆ ಕಾಣುತ್ತದೆ. ಆಮೇಲೆ ಗಿಟುಕನ್ನು ಉದ್ದುದ್ದ ಸೀಳಿ, ಆ ಸೀಳುಗಳನ್ನು ಒಟ್ಟಿಗೆ ಹಿಡಿದು ಅಡ್ಡಲಾಗಿ ಹುರಿಗಡಲೆಯ ಗಾತ್ರಕ್ಕೆ ಕತ್ತರಿಸಿ. ಬೆಲ್ಲಕ್ಕೆ ಅಡಕತ್ತರಿಯೇ ಸರಿಯಾದ ಸಾಧನ. ಚಾಕು ಜಾರುತ್ತದೆ, ಸುತ್ತಿಗೆಯಿಂದ ಜಜ್ಜಿದರೆ ಅರ್ಧಕ್ಕರ್ಧ ಪುಡಿಯಾಗುತ್ತದೆ. ಮನೆಯಲ್ಲಿ ಅಡಕತ್ತರಿ ಇಲ್ಲದಿದ್ದರೆ ಯಾರಿಂದಾದರೂ ಎರವಲು ತನ್ನಿ, ಇದೊಂದು ವಿಷಯದಲ್ಲಿ ಸಂಕೋಚ ಬೇಡ. ಅಚ್ಚುಬೆಲ್ಲ ಗಟ್ಟಿಯಾಗಿರಬೇಕು, ಉಗುರಿನಿಂದ ಒತ್ತಿದರೆ ಗುಳಿ ಬೀಳುವ ಬೆಲ್ಲ ಈ ಕೆಲಸಕ್ಕೆ ಬರುವುದಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ ಕತ್ತರಿಸುವುದನ್ನು ಆರಂಭಿಸಿದರೆ ಧಾವಂತವಿರುವುದಿಲ್ಲ. ಒಣಗಿಸಲು ತಾರಸಿಯೇ ಮೇಲು. ಹಳೆಯ ಬಿಳಿ ಪಂಚೆಯನ್ನು ಎರಡು ಮಂಚದ ಕಾಲುಗಳಿಗೋ ಕುರ್ಚಿಗಳಿಗೋ ಬಿಗಿದು ಚಪ್ಪರದಂತೆ ಮಾಡಿ ಅದರ ಕೆಳಗೆ ತಟ್ಟೆಗಳನ್ನಿಟ್ಟರೆ ಪಾರಿವಾಳಗಳ ಭಯವಿಲ್ಲ, ತೆಳುವಾದ ಬಟ್ಟೆಯ ಮೂಲಕ ಬಿಸಿಲಿನ ಕಾವೂ ಇಳಿಯುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಇಡಿ, ಸಂಜೆ ನಾಲ್ಕರೊಳಗೆ ಕೆಳಗೆ ತನ್ನಿ. ಬೆಲ್ಲಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿರುವುದರಿಂದ, ಹಗಲೆಲ್ಲ ಒಣಗಿದ್ದು ಒಂದು ರಾತ್ರಿ ಹೊರಗುಳಿದರೆ ಮತ್ತೆ ಅಂಟಂಟಾಗುತ್ತದೆ. ಎರಡು ಮೂರು ದಿನದ ಬಿಸಿಲು ಸಾಕು. ಮೋಡ ಮುಚ್ಚಿದರೆ ಮನೆಯೊಳಗೆ ಫ್ಯಾನಿನ ಕೆಳಗೆ ಹತ್ತಿಬಟ್ಟೆಯ ಮೇಲೆ ಹರಡಿ; ತಡವಾಗುತ್ತದೆ, ಆದರೂ ಒಣಗುತ್ತದೆ. ಕೊಬ್ಬರಿಯನ್ನು ಬೇಕಾದರೆ ಓವನ್‌ನಲ್ಲಿ ಅತಿ ಕಡಿಮೆ ಶಾಖದಲ್ಲಿಟ್ಟು ಒಣಗಿಸಬಹುದು, ಬೆಲ್ಲವನ್ನು ಮಾತ್ರ ಓವನ್ ಹತ್ತಿರವೂ ಒಯ್ಯಬೇಡಿ.

ನಿಮಗೆ ಹೋದ ವರ್ಷ ಕಾಡಿದ ಕಮಟಿನ ಮೂಲ ಬೀಜವನ್ನು ಹುರಿದು ಬಹಳ ಕಾಲ ಇಟ್ಟಿದ್ದರಲ್ಲಿದೆ. ಸಿಪ್ಪೆ ಸುಲಿದು ಎರಡು ಹೋಳಾದ ಬೀಜಕ್ಕೆ ಗಾಳಿ ತಾಗುವ ಮೈ ಹೆಚ್ಚು, ಅದರ ಎಣ್ಣೆ ಬೇಗ ಕೆಡುತ್ತದೆ. ನಮ್ಮ ಬಡಾವಣೆಯವರು ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿಯೇ ಹಸಿ ಕಾಯಿ ಕೊಂಡು, ಚೆನ್ನಾಗಿ ಒಣಗಿಸಿ, ಸಿಪ್ಪೆಯ ಸಮೇತ ಚೀಲದಲ್ಲಿ ಕಟ್ಟಿಟ್ಟು, ಸಂಕ್ರಾಂತಿಗೆ ಸುಲಿಯುವುದುಂಟು. ಅಷ್ಟು ಆಗದಿದ್ದರೆ ಹಸಿ ಬೀಜವನ್ನು ತಂದು ಹಬ್ಬಕ್ಕೆ ಎರಡು ದಿನ ಮೊದಲು ಹುರಿಯಿರಿ. ಸಣ್ಣ ಉರಿ, ದಪ್ಪ ಬಾಣಲೆ. ಒಂದೆರಡು ಬೀಜ ಚಟಕ್ಕೆಂದು ಸಿಡಿದು ಸಿಪ್ಪೆ ಬಿರಿದಾಗ ಇಳಿಸಬೇಕು. ಪೂರ್ತಿ ಆರಿದ ಮೇಲೆ ಅಂಗೈಗಳ ನಡುವೆ ಉಜ್ಜಿ, ಮೊರದಲ್ಲಿ ಕೇರಿ, ಎರಡಾಗಿ ಒಡೆಯಿರಿ. ಎಳ್ಳನ್ನು ಮೊದಲು ಕಲ್ಲು ಮಣ್ಣಿಲ್ಲದಂತೆ ಆರಿಸಿಕೊಂಡು ಹುರಿಯಬೇಕು. ಅದು ಉಬ್ಬಿ ಪಟಪಟನೆ ಸಿಡಿಯಲು ಶುರುವಾದ ಕೂಡಲೇ ತಟ್ಟೆಗೆ ಸುರಿಯಿರಿ, ಬಣ್ಣ ಬರುವವರೆಗೆ ಕಾದರೆ ಕಹಿಯಾಗುತ್ತದೆ. ಹುರಿಗಡಲೆಯನ್ನು ಬರೀ ಬೆಚ್ಚಗೆ ಮಾಡಿದರೆ ಸಾಕು.

ಎಲ್ಲವೂ ತಣ್ಣಗಾದ ಮೇಲೆ, ಹಬ್ಬದ ಹಿಂದಿನ ದಿನವೇ ಬೆರೆಸಿ. ಬಿಸಿಯಿರುವ ಬೀಜ ಬೆಲ್ಲಕ್ಕೆ ತಗುಲಿದರೆ ಇಡೀ ಪಾತ್ರೆ ಮುದ್ದೆಯಾಗುತ್ತದೆ. ಬಣ್ಣದ ಜೀರಿಗೆ ಪೆಪ್ಪರಮೆಂಟನ್ನು ಮಕ್ಕಳ ಸಂತೋಷಕ್ಕೆ ಹಾಕುವುದಾದರೆ ತುಂಬುವ ಹೊತ್ತಿಗೆ ಮೇಲೆ ಉದುರಿಸಿ. ನನಗೆ ಅದು ಹಿಡಿಸುವುದಿಲ್ಲ, ಆದರೆ ಮನೆಯ ಮಕ್ಕಳ ಮುಂದೆ ನನ್ನ ಮಾತು ನಡೆದಿದ್ದೂ ಇಲ್ಲ.

ಮಲ್ಲೇಶ್ವರದ ಅಚ್ಚುಪ್ರಿಯ

ಅಮ್ಮನವರು ಎಳ್ಳಿನ ವಿಚಾರದಲ್ಲಿ ಏನನ್ನೂ ಬಿಟ್ಟಿಲ್ಲ. ನಾನು ಸಕ್ಕರೆ ಅಚ್ಚಿನ ಬಗ್ಗೆ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಇದು ಗಂಡಸರ ಕೆಲಸವೆಂದೇ ನಡೆದುಬಂದಿದೆ, ಯಾಕೆಂದರೆ ಪಾಕದ ಮುಂದೆ ಬಹಳ ಹೊತ್ತು ನಿಲ್ಲಬೇಕು, ಒಬ್ಬರು ಸುರಿದರೆ ಇನ್ನೊಬ್ಬರು ಬಿಡಿಸಬೇಕು.

ಟ್ರಂಕಿನಲ್ಲಿದ್ದ ಅಚ್ಚುಗಳನ್ನು ಮೊದಲು ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕೆತ್ತನೆಯ ಸಂದುಗಳಲ್ಲಿರುವ ಹಳೆಯ ಸಕ್ಕರೆಯನ್ನು ತೆಗೆಯಿರಿ. ಸೋಪು ಹಾಕಬೇಡಿ, ಮರ ಅದರ ವಾಸನೆಯನ್ನು ಹೀರಿಟ್ಟುಕೊಳ್ಳುತ್ತದೆ. ಅಚ್ಚು ಮಾಡುವ ಹಿಂದಿನ ರಾತ್ರಿ ಎಲ್ಲವನ್ನೂ ತಣ್ಣೀರಿನಲ್ಲಿ ಮುಳುಗಿಸಿಡಿ. ತೇಲುತ್ತವೆ, ಮೇಲೊಂದು ತಟ್ಟೆಯನ್ನೂ ಭಾರವನ್ನೂ ಇಡಬೇಕು. ಮರ ನೀರು ಕುಡಿದು ಹಿಗ್ಗಿದಾಗ ಎರಡು ಹೋಳುಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ತೇವದ ಮೈಗೆ ಸಕ್ಕರೆ ಅಂಟುವುದೂ ಇಲ್ಲ. ಒಣ ಅಚ್ಚಿಗೆ ಪಾಕ ಸುರಿದರೆ ಹಂಸದ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ, ಮೈ ಮಾತ್ರ ಹೊರಗೆ ಬರುತ್ತದೆ. ಬೆಳಿಗ್ಗೆ ತೆಗೆದು, ನೀರನ್ನು ಒದರಿ, ಬಟ್ಟೆಯಿಂದ ಒತ್ತಿ ಒರೆಸಿ, ಜೋಡಿ ತಪ್ಪದಂತೆ ಸೇರಿಸಿ, ರಬ್ಬರ್ ಬ್ಯಾಂಡುಗಳಿಂದ ಬಿಗಿಯಾಗಿ ಕಟ್ಟಿ, ಸುರಿಯುವ ಬಾಯಿ ಮೇಲಕ್ಕಿರುವಂತೆ ಒದ್ದೆ ಬಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ. ಗೋಪುರವಾದರೆ ತಲೆಕೆಳಗಾಗಿ ನಿಲ್ಲುತ್ತದೆ. ಅದರ ಬುಡವೇ ಸುರಿಯುವ ಬಾಯಿ.

ಪಾಕಕ್ಕೆ ಒಂದು ಕೆ.ಜಿ. ಸಕ್ಕರೆಯನ್ನು ಅದು ಮುಳುಗುವಷ್ಟು ನೀರಿನಲ್ಲಿ ಕುದಿಯಲಿಟ್ಟು, ಕುದಿ ಬಂದಾಗ ಎರಡು ಮೂರು ಚಮಚ ಹಾಲನ್ನು ಸ್ವಲ್ಪ ನೀರಿನೊಂದಿಗೆ ಬೆರೆಸಿ ಸುರಿಯಿರಿ. ಹಾಲು ಒಡೆದು, ಅದರ ಮೊಸರಿನಂಥ ಅಂಶ ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದುಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಜಾಲರಿ ಸೌಟಿನಿಂದ ತೆಗೆದು, ಉಳಿದದ್ದನ್ನು ಒದ್ದೆ ಮಾಡಿ ಹಿಂಡಿದ ಮಲ್ ಬಟ್ಟೆಯಲ್ಲಿ ಶೋಧಿಸಬೇಕು. ಇನ್ನೊಮ್ಮೆ ಹೀಗೆಯೇ ಮಾಡಿದರೆ ಪಾಕ ತಿಳಿನೀರಿನಂತಾಗುತ್ತದೆ. ಅಚ್ಚಿನ ಬಿಳುಪೆಲ್ಲ ಇಲ್ಲಿಯೇ ನಿರ್ಧಾರವಾಗುತ್ತದೆ. ಸಕ್ಕರೆ ಎಷ್ಟು ಶುಭ್ರವಾಗಿ ಕಂಡರೂ ಈ ಹಂತವನ್ನು ಬಿಡಬೇಡಿ.

ಇನ್ನು ಮುಖ್ಯವಾದ ಘಟ್ಟ. ಇಡೀ ಪಾಕವನ್ನು ಒಮ್ಮೆಗೇ ಹದಕ್ಕೆ ತಂದರೆ ಎರಡನೆಯ ಅಚ್ಚು ತುಂಬುವ ಹೊತ್ತಿಗೆ ಪಾತ್ರೆಯಲ್ಲಿರುವುದೆಲ್ಲ ಕಲ್ಲಾಗುತ್ತದೆ. ಆದ್ದರಿಂದ ಹಿಡಿಯಿರುವ ಚಿಕ್ಕ ದಪ್ಪ ತಳದ ಪಾತ್ರೆಗೆ ಒಂದೆರಡು ಸೌಟು ಪಾಕವನ್ನು ಮಾತ್ರ ಹಾಕಿ ಕಾಯಿಸಿ. ಮೊದಲು ದೊಡ್ಡ ದೊಡ್ಡ ಗುಳ್ಳೆಗಳು ಬೇಗ ಬೇಗ ಒಡೆಯುತ್ತವೆ. ಕ್ರಮೇಣ ಗುಳ್ಳೆ ಚಿಕ್ಕದಾಗಿ, ಒತ್ತಾಗಿ, ಒಡೆಯಲು ಸೋಮಾರಿಯಾಗುತ್ತದೆ. ಚಮಚದಿಂದ ಬಿದ್ದ ಹನಿಯನ್ನು ಬೆರಳುಗಳ ನಡುವೆ ಹಿಡಿದರೆ ಗಟ್ಟಿ ಎಳೆ ಬರಬೇಕು. ಆಗ ಉರಿಯಿಂದ ಇಳಿಸಿ, ಮರದ ಸೌಟಿನಿಂದ ಪಾತ್ರೆಯ ಗೋಡೆಗೆ ಉಜ್ಜುತ್ತಾ ಬಿರುಸಾಗಿ ಕಲಕಿ. ಅಂಚಿನಲ್ಲಿ ಹಾಲಿನ ಕೆನೆಯಂತೆ ಬಿಳಿಯ ಗೆರೆ ಕಾಣಿಸಿ ಅದು ಒಳಕ್ಕೆ ಹರಡಲು ತೊಡಗಿದ ಕ್ಷಣವೇ ಸುರಿಯುವ ಕ್ಷಣ. ಅದಕ್ಕಿಂತ ಮೊದಲು ಸುರಿದರೆ ಅಚ್ಚು ಗಾಜಿನಂತೆ ಅಂಟಾಗಿ ಉಳಿಯುತ್ತದೆ, ತಡಮಾಡಿದರೆ ಪಾತ್ರೆಯಲ್ಲಿಯೇ ಪುಡಿಯಾಗುತ್ತದೆ. ಕಲಕಿದಾಗ ಒಮ್ಮೆಗೇ ಅಸಂಖ್ಯ ಸಣ್ಣ ಹರಳುಗಳು ಹುಟ್ಟುತ್ತವೆ, ಬಿಳುಪೂ ನಯವೂ ಬರುವುದು ಅವುಗಳಿಂದಲೇ. ಸುಮ್ಮನೆ ಬಿಟ್ಟರೆ ಹರಳುಗಳು ದೊಡ್ಡದಾಗಿ ಕಲ್ಲುಸಕ್ಕರೆಯ ದಾರಿ ಹಿಡಿಯುತ್ತವೆ.

ಹತ್ತು ನಿಮಿಷದೊಳಗೆ ಅಚ್ಚಿನ ಬಾಯಿಯ ಕಡೆ ಸಕ್ಕರೆ ಮಂಕಾಗಿ ಗಟ್ಟಿಯಾಗಿರುತ್ತದೆ. ಬ್ಯಾಂಡ್ ಬಿಚ್ಚಿ, ಮರವನ್ನು ಮೆಲ್ಲಗೆ ತಟ್ಟಿ, ಒಂದು ಹೋಳನ್ನು ನೇರವಾಗಿ ಮೇಲಕ್ಕೆತ್ತಿ. ಓರೆಯಾಗಿ ಎತ್ತಿದರೆ ಮೀನಿನ ಬಾಲ ಮುರಿಯುತ್ತದೆ. ಮುರಿದವನ್ನು ಸ್ವಲ್ಪ ನೀರು ಹಾಕಿ ಕರಗಿಸಿ ಮತ್ತೆ ಪಾಕಕ್ಕೆ ಸೇರಿಸಬಹುದು. ಬಿಡಿಸಿದ ಅಚ್ಚುಗಳನ್ನು ಒಂದು ರಾತ್ರಿ ಗಾಳಿಗೆ ಬಿಟ್ಟು ಆಮೇಲೆ ಡಬ್ಬಿಗೆ ಹಾಕಿ. ಬಣ್ಣ ಬೇಕಿದ್ದರೆ ಹಾಲಿನಲ್ಲಿ ನೆನೆಸಿದ ಕೇಸರಿ ಸಾಕು.

ಕೆಲವರು ಪಾಕಕ್ಕೆ ನಿಂಬೆರಸ ಹಿಂಡುವಂತೆ ಹೇಳುತ್ತಾರೆ. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಕಷ್ಟವಾಗುತ್ತದೆ. ಜಾಮೂನಿನ ಪಾಕಕ್ಕೆ ಅದು ಗುಣ, ಅಚ್ಚಿಗೆ ಅದು ದೋಷ. ಮೋಡ ಕವಿದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಮಕ್ಕಳ ವಿಷಯದಲ್ಲಿ ಒಂದು ಎಚ್ಚರ: ಈ ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿಯಿರುತ್ತದೆ, ಚರ್ಮಕ್ಕೆ ಅಂಟಿದರೆ ಬಿಡುವುದೂ ಇಲ್ಲ. ಸುರಿಯುವಾಗ ಅವರು ಅಡುಗೆಮನೆಯ ಹೊರಗಿರಲಿ. ಆರಿದ ಅಚ್ಚನ್ನು ಬಿಡಿಸುವ ಕೆಲಸವನ್ನು ಕೊಡಿ, ಅವರಿಗೆ ಬೇಕಾದದ್ದೂ ಅದೇ.

ಬನಶಂಕರಿಯ ಓದುಗ

ಹಿರಿಯರ ಕ್ರಮದ ಬಗ್ಗೆ ತಕರಾರಿಲ್ಲ, ಬೆಲ್ಲದ ಆಯ್ಕೆಯ ಬಗ್ಗೆ ಮಾತ್ರ ಒಂದು ಮಾತನ್ನು ಸೇರಿಸಲು ಬಯಸುತ್ತೇನೆ. ಸಂಕ್ರಾಂತಿಯ ಮುಂಚೆ ಮಾರುಕಟ್ಟೆಗೆ ಬರುವ, ನಿಂಬೆಹಣ್ಣಿನ ಬಣ್ಣದಂತೆ ಹೊಳೆಯುವ ಬೆಲ್ಲಕ್ಕೆ ಆ ಬಣ್ಣ ಕಬ್ಬಿನಿಂದ ಬಂದಿರುವುದಿಲ್ಲ. ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಬಿಳುಪುಗೊಳಿಸಲು ಹೈಡ್ರೋಸ್ ಎಂದು ಕರೆಯುವ ಗಂಧಕದ ರಾಸಾಯನಿಕವನ್ನು ಹಾಕುವುದು ಎಲ್ಲರಿಗೂ ತಿಳಿದ ವಿಷಯವೇ. ಎಳ್ಳು ಅಂದವಾಗಿ ಕಾಣಲೆಂದು ನಾವೇ ಅಂಥ ಬೆಲ್ಲವನ್ನು ಕೇಳುತ್ತೇವೆ, ಅದಕ್ಕೇ ಅವರು ಮಾಡುತ್ತಾರೆ. ನಲವತ್ತು ಮನೆಯ ಮಕ್ಕಳು ತಿನ್ನುವ ವಸ್ತುವಾದ್ದರಿಂದ ಬಣ್ಣ ಕಂದಾದರೂ ಚಿಂತೆಯಿಲ್ಲ, ರಾಸಾಯನಿಕ ಹಾಕದ ಬೆಲ್ಲವನ್ನೇ ತರುವುದು ಲೇಸೆಂದು ನನ್ನ ಅಭಿಪ್ರಾಯ.

ಬಸವನಗುಡಿಯ ಹಿರಿಯ ಗೃಹಿಣಿ

ನೀವು ಹೇಳುವುದು ಸರಿಯಾಗಿಯೇ ಇದೆ, ಆದರೆ ಕಂದು ಬೆಲ್ಲದಲ್ಲಿ ಬಹುಪಾಲು ಮೆತ್ತಗಿರುತ್ತದೆ, ಕತ್ತರಿಸಿದ ತುಂಡುಗಳು ಒಂದಕ್ಕೊಂದು ಅಂಟಿ ಮತ್ತೆ ಉಂಡೆಯಾಗುತ್ತವೆ. ಅದನ್ನೇ ಬಳಸುವುದಾದರೆ ಬಿಸಿಲನ್ನು ಎರಡು ದಿನ ಹೆಚ್ಚು ಕೊಡಿ, ಒಣಗಿದ ಮೇಲೆ ಒಂದು ಹಿಡಿ ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿ ತುಂಡುಗಳಿಗೆ ಸವರಿ. ಪುಡಿ ಮೇಲಿನ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ರುಚಿಯೂ ಬದಲಾಗುವುದಿಲ್ಲ. ಕಡುಕಂದಿಗೂ ಹೊಳೆಯುವ ಹಳದಿಗೂ ನಡುವೆ ಜೇನಿನ ಬಣ್ಣದ ಗಟ್ಟಿ ಬೆಲ್ಲ ಮಂಡ್ಯದ ಕಡೆಯಿಂದ ಬರುತ್ತದೆ. ನಾನು ಹುಡುಕುವುದು ಅದನ್ನು.

ಜಯನಗರದ ಹೊಲಿಗೆ ಮೇಷ್ಟ್ರು

ಡಬ್ಬಿ ಮತ್ತು ಉಡುಗೊರೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಸಿಹಿತಿಂಡಿಯ ಡಬ್ಬಿಗಳಿಗೆ ಸುತ್ತುವ ತೆಳುವಾದ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಹಾಗೆಂದು ಹಳೆಯ ವೃತ್ತಪತ್ರಿಕೆಯಲ್ಲಿ ಪೊಟ್ಟಣ ಕಟ್ಟುವುದೂ ಬೇಡ. ಮುದ್ರಣದ ಮಸಿ ತಿನಿಸಿಗೆ ಹತ್ತುತ್ತದೆ, ಆಹಾರ ಸುರಕ್ಷತಾ ನಿಯಮಗಳೂ ಅದನ್ನು ಒಪ್ಪುವುದಿಲ್ಲ.

ನನ್ನ ಸಲಹೆ ಬಟ್ಟೆಯ ಸಂಚಿ. ಪ್ರತಿಯೊಬ್ಬರ ಬೀರುವಿನಲ್ಲಿಯೂ ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿಗೆ ಬಂದ ರವಿಕೆ ಕಣಗಳು ಇರುತ್ತವೆ. ಅವು ಒಂದು ಮನೆಯಿಂದ ಇನ್ನೊಂದು ಮನೆಗೆ ತಾಂಬೂಲದೊಂದಿಗೆ ವರ್ಷಾನುಗಟ್ಟಲೆ ಸಂಚರಿಸುತ್ತವೆಯೇ ಹೊರತು ದರ್ಜಿಯ ಕೈ ಸೇರುವುದು ಅಪರೂಪ. ಅವುಗಳಿಗೆ ಇದು ಸದ್ಗತಿ. 12 ಸೆಂ.ಮೀ. ಅಗಲ, 32 ಸೆಂ.ಮೀ. ಉದ್ದದ ಪಟ್ಟಿಯನ್ನು ಕತ್ತರಿಸಿ, ಉದ್ದ ಅರ್ಧವಾಗುವಂತೆ ನಡುವೆ ಮಡಚಿ, ಎರಡೂ ಬದಿಗೆ ಒಂದೊಂದು ಸೆಂಟಿಮೀಟರ್ ಬಿಟ್ಟು ಹೊಲಿದು, ಬಾಯಿಯಲ್ಲಿ ಎರಡು ಸೆಂಟಿಮೀಟರ್ ಮಡಿಸಿ ನಾಡದ (ಬಾಯಿ ಬಿಗಿಯುವ ಲಾಡಿಯ) ಕೊಳವೆ ಮಾಡಿದರೆ, ನೂರು ಗ್ರಾಂ ಎಳ್ಳೂ ಒಂದು ಸಕ್ಕರೆ ಅಚ್ಚೂ ಹಿಡಿಸುವ ಸಂಚಿಯಾಗುತ್ತದೆ. ನಾಡ ಪೋಣಿಸುವ ತೂತಿಗಾಗಿ ಬದಿಯ ಹೊಲಿಗೆಯನ್ನು ಮೇಲ್ತುದಿಯಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ನಿಲ್ಲಿಸುವುದನ್ನು ಮರೆಯಬಾರದು. 80 ಸೆಂ.ಮೀ. ಉದ್ದ, ಒಂದು ಮೀಟರ್ ಪನ್ನದ ಕಣದಲ್ಲಿ ಹದಿನಾರು ಸಂಚಿಗಳು ಬರುತ್ತವೆ, ನಾಡಕ್ಕೂ ಒಂದಿಷ್ಟು ಬಟ್ಟೆ ಉಳಿಯುತ್ತದೆ; ನಿಮ್ಮ ನಲವತ್ತು ಮನೆಗೆ ಮೂರು ಕಣಗಳು ಸಾಕು. ಹೊಸ ಕಣವಾದರೆ ಗಂಜಿ ಹೋಗುವಂತೆ ಒಮ್ಮೆ ಒಗೆದು ಇಸ್ತ್ರಿ ಮಾಡಿಕೊಳ್ಳಿ. ಎಳ್ಳಿನ ಎಣ್ಣೆ ಬಟ್ಟೆಗೆ ಹತ್ತದಂತೆ ಮೊದಲು ಬಟರ್ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಆಮೇಲೆ ಸಂಚಿಗೆ ಹಾಕಬೇಕು. ಹೊಲಿಗೆ ಯಂತ್ರವಿಲ್ಲದಿದ್ದರೆ ಕೈಹೊಲಿಗೆಯಲ್ಲಿ ನಲವತ್ತು ಸಂಚಿ ಬೇಸರದ ಕೆಲಸ. ನಿಮ್ಮ ರಸ್ತೆಯ ದರ್ಜಿಗೆ ಬದಿ ಹೊಲಿಯಲು ಕೊಟ್ಟು, ನಾಡ ಪೋಣಿಸುವುದನ್ನು ಮಕ್ಕಳಿಗೆ ಬಿಡಿ.

ಬಟ್ಟೆ ಬೇಡವೆಂದರೆ ಮನೆಯಲ್ಲಿ ಉಳಿದ ಲಗ್ನಪತ್ರಿಕೆಗಳ ದಪ್ಪ ಕಾಗದದಿಂದ ಚೌಕ ಪೆಟ್ಟಿಗೆಗಳನ್ನು ಮಡಚಬಹುದು, ಆದರೆ ಬೇರೆಯವರ ಹೆಸರು, ಮುಹೂರ್ತಗಳು ಹೊರಮೈಯಲ್ಲಿ ಕಾಣದಂತೆ ತಿರುಗಿಸಿ ಮಡಚಿ.

ಮಕ್ಕಳು ಮಾಡುವ ವಸ್ತುವಿಗೆ ನಾನು ಹೂಬತ್ತಿ ಮತ್ತು ಗೆಜ್ಜೆವಸ್ತ್ರಗಳನ್ನು ಸೂಚಿಸುತ್ತೇನೆ. ಎರಡಕ್ಕೂ ಬೇಕಾದದ್ದು ಗ್ರಂದಿಗೆ ಅಂಗಡಿಯ ಬಿಡಿ ಹತ್ತಿ ಮಾತ್ರ, ಎರಡೂ ದೇವರ ಮನೆಯಲ್ಲಿ ಖಂಡಿತವಾಗಿ ಖರ್ಚಾಗುತ್ತವೆ. ಎಂಟು ವರ್ಷದ ಮಗುವಿಗೆ ಹೂಬತ್ತಿ ಸರಿಹೋಗುತ್ತದೆ: ಒಂದು ಚಿಟಿಕೆ ಹತ್ತಿಯನ್ನು ಬೀಜ, ಕಸಗಳಿಲ್ಲದಂತೆ ಬಿಡಿಸಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡಿ, ಅಂಚುಗಳನ್ನೆಲ್ಲ ಒಟ್ಟುಗೂಡಿಸಿ, ಹಾಲು ಸೋಕಿಸಿದ ಬೆರಳುಗಳಿಂದ ತುದಿಯನ್ನು ಹೊಸೆದರೆ ಬುಡ ಅಗಲವಾಗಿ, ತುದಿ ಚೂಪಾಗಿ ನಿಲ್ಲುವ ಬತ್ತಿಯಾಗುತ್ತದೆ. ಒಣಗಿದ ಬತ್ತಿಗಳನ್ನು ಫ್ರಿಜ್ಜಿನ ಐಸ್ ತಟ್ಟೆಯ ಗುಳಿಗಳಲ್ಲಿ ನಿಲ್ಲಿಸಿ, ಕರಗಿಸಿದ ತುಪ್ಪವನ್ನು ಸುರಿದು ಹೆಪ್ಪುಗಟ್ಟಿಸಿದರೆ ನೇರವಾಗಿ ದೀಪಕ್ಕೆ ಇಟ್ಟು ಹಚ್ಚಬಹುದು. ನಮ್ಮೂರಿನ ಜನವರಿಯ ಚಳಿಯಲ್ಲಿ ಈ ತುಪ್ಪ ಹೊರಗೂ ಗಟ್ಟಿಯಾಗಿರುತ್ತದೆ, ಆದರೂ ಇವನ್ನು ಎಳ್ಳಿನ ಸಂಚಿಯೊಳಗೆ ಹಾಕದೆ ಬೇರೆಯಾಗಿ ಒಂದು ಚಿಕ್ಕ ಡಬ್ಬಿಯಲ್ಲಿ ಕೊಡಿ.

ಹನ್ನೊಂದು ವರ್ಷದ ಮಗು ಗೆಜ್ಜೆವಸ್ತ್ರ ಕಲಿಯಲಿ. ಹತ್ತಿಯನ್ನು ಎರಡು ಬೆರಳಗಲದ ಪಟ್ಟಿಯಾಗಿ ನಿಧಾನವಾಗಿ ಎಳೆಯಬೇಕು. ಎಳೆಯುವುದರಲ್ಲೇ ಕೈಚಳಕವಿದೆ, ಅವಸರ ಮಾಡಿದರೆ ನಡುವೆ ಹರಿಯುತ್ತದೆ. ನಂತರ ಒಂದೊಂದು ಅಂಗುಲಕ್ಕೆ ಬೆರಳಿನಿಂದ ಚಿವುಟಿ ಹೊಸೆಯುತ್ತಾ ಹೋದರೆ ನಡುವೆ ನಡುವೆ ಉಬ್ಬಿದ ಮೊಗ್ಗುಗಳು ಉಳಿಯುತ್ತವೆ. ಹೊಸೆದ ಗಂಟುಗಳಿಗೆ ಮಾತ್ರ ಒದ್ದೆ ಕುಂಕುಮವನ್ನು ಸೋಕಿಸಿ. ಬಣ್ಣದ ಕಾಗದ, ಜರಿ ಹಚ್ಚಿ ಅಲಂಕರಿಸುವವರೂ ಇದ್ದಾರೆ. ದೀಪದ ಹತ್ತಿರ ತೂಗುವ ವಸ್ತುವಿಗೆ ಅಷ್ಟೊಂದು ಜರಿ ನನಗೆ ಸರಿಕಾಣುವುದಿಲ್ಲ.

ಯಲಹಂಕ ನಿವಾಸಿ

ಅಮ್ಮನವರಿಗೂ ಮೇಷ್ಟ್ರಿಗೂ ಮಿಕ್ಕ ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಜೇನಿನ ಬಣ್ಣದ ಬೆಲ್ಲ, ತಾರಸಿಯ ಮೇಲೆ ಪಂಚೆಯ ಚಪ್ಪರ, ಮೂರು ರವಿಕೆ ಕಣ ಎಂದು ನಿರ್ಧಾರವಾಯಿತು. ಮಗಳು ಈಗಾಗಲೇ ಹತ್ತಿ ಎಳೆಯಲು ಕುಳಿತಿದ್ದಾಳೆ. ಇನ್ನೆರಡು ಸಂದೇಹಗಳಿವೆ. ನಮ್ಮ ಮಹಡಿಯಲ್ಲಿರುವ ಬಂಗಾಳಿ ಕುಟುಂಬದ ಮಗುವಿಗೆ ಕಡಲೆಕಾಯಿಯ ಅಲರ್ಜಿಯಿದೆಯೆಂದು ಅವರೇ ಹಿಂದೊಮ್ಮೆ ಹೇಳಿದ್ದರು. ಅವರಿಗೆ ಬೀಜ ಹಾಕದ ಎಳ್ಳನ್ನು ಕೊಡಬಹುದೇ? ಮತ್ತು ದೇವರ ಪೂಜೆಯ ರೂಢಿಯಿಲ್ಲದ ಮನೆಗಳಿಗೆ ಹೂಬತ್ತಿಯ ಬದಲು ಏನು ಕೊಡಬಹುದು?

ಮಲ್ಲೇಶ್ವರದ ಅಚ್ಚುಪ್ರಿಯ

ಬೀಜ ಹಾಕದಿದ್ದರೆ ಸಾಕೆಂದು ತಿಳಿಯಬೇಡಿ. ಅದೇ ಬಾಣಲೆಯಲ್ಲಿ ಹುರಿದ, ಅದೇ ಮೊರದಲ್ಲಿ ಕೇರಿದ ಎಳ್ಳಿನಲ್ಲಿ ಬೀಜದ ಅಂಶ ಉಳಿದಿರುತ್ತದೆ, ಅಂಗಡಿಯಲ್ಲಿ ತೂಗುವ ಸಾಮಾನುಗಳಲ್ಲಿಯೂ ಬೆರೆತಿರಬಹುದು. ಕೆಲವರಿಗೆ ಎಳ್ಳೇ ಆಗುವುದಿಲ್ಲ. ಆದ್ದರಿಂದ ಆ ಮನೆಗೆ ಎಳ್ಳನ್ನು ಕೊಡುವುದೇ ಬೇಡ. ತಾಯಿಯನ್ನು ಮೊದಲು ವಿಚಾರಿಸಿ, ಅವರು ಒಪ್ಪಿದರೆ ಎರಡು ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ, ಎಲಚಿ ಹಣ್ಣು, ಬಾಳೆಹಣ್ಣುಗಳನ್ನು ತಟ್ಟೆಯಲ್ಲಿಟ್ಟು ಬೀರಿ. ಸಕ್ಕರೆ ಅಚ್ಚುಗಳನ್ನು ಬೀಜ ಹುರಿಯುವುದಕ್ಕೆ ಮೊದಲೇ ಮಾಡಿ ಮುಗಿಸಿ, ಆ ಮನೆಯ ಪಾಲನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಡಿ. ಉಳಿದ ಸಂಚಿಗಳ ನಾಡಕ್ಕೂ ಒಳಗೆ ಏನೇನಿದೆಯೆಂದು ಬರೆದ ಚೀಟಿಯನ್ನು ಕಟ್ಟುವುದು ಒಳ್ಳೆಯದು, ಎಲ್ಲರೂ ತಮ್ಮ ತೊಂದರೆಯನ್ನು ಮೊದಲೇ ಹೇಳಿರುವುದಿಲ್ಲ.

ಜಯನಗರದ ಹೊಲಿಗೆ ಮೇಷ್ಟ್ರು

ಎರಡನೆಯ ಸಂದೇಹಕ್ಕೆ: ತುಪ್ಪದ ಬತ್ತಿ ಬೇಡವಾದ ಮನೆಗಳಿಗೆ ಅದೇ ಕಣದಲ್ಲಿ ಉಳಿಯುವ ಬಟ್ಟೆಯಿಂದ ಬಿಸಿ ಪಾತ್ರೆ ಹಿಡಿಯುವ ಚೌಕಗಳನ್ನು ಮಾಡಿಸಿ. ಹಳೆಯ ಟರ್ಕಿ ಟವೆಲ್ಲಿನ ಎರಡು ಪದರವನ್ನು ಒಳಗಿಟ್ಟು, ಮೇಲೂ ಕೆಳಗೂ ಹತ್ತಿಬಟ್ಟೆಯ ಒಂದು ಗೇಣು ಅಗಲದ ತುಂಡನ್ನಿಟ್ಟು, ಮಕ್ಕಳು ದಪ್ಪ ನೂಲಿನಿಂದ ಉದ್ದಕ್ಕೂ ಅಡ್ಡಕ್ಕೂ ಓಟದ ಹೊಲಿಗೆ ಹಾಕಲಿ. ಗೆರೆ ವಕ್ರವಾದರೂ ಅಂದವೇ. ಪಾಲಿಸ್ಟರ್ ಕಣಗಳನ್ನು ಮಾತ್ರ ಇದಕ್ಕೆ ಬಳಸಬಾರದು, ಬಿಸಿ ತಗುಲಿದರೆ ಕರಗುತ್ತದೆ. ಕಣ ಹತ್ತಿಯದೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದು ಎಳೆಯನ್ನು ಬಿಡಿಸಿ, ನೀವೇ ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಸ್ಟರ್ ಆದರೆ ಮುದುರಿ ಗಟ್ಟಿ ಮಣಿಯಾಗುತ್ತದೆ.